ತಲೆಯಡಿಯ ಮಣ್ಣು

ಸ್ಯಾನ್ ರಮೋನ್, ಕ್ಯಾಲಿಫೋರ್ನಿಯಾ
೯ ಜನವರಿ ೨೦೧೮
(ಕಳಿಸಲಿಲ್ಲ)

ಪೂಜ್ಯ ಹನ್ನಾ ಟೀಚರ್ ಅವರಿಗೆ ಊರ್ಮಿಳಾಳ ನಮಸ್ಕಾರಗಳು.

ನಿನ್ನೆ ಸಂಜೆ ಮನೆ ತಲುಪಿದೆವು. ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಹುಬ್ಬಳ್ಳಿಯಲ್ಲಿ ನನ್ನ ಕೈಗೆ ಕೊಟ್ಟ ಮಣ್ಣು ನನ್ನ ಹತ್ತಿರ ಇಲ್ಲ.

ಡಿಸೆಂಬರಿನಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆಂದು ನೀವು ಇಸ್ರೇಲಿನಿಂದ ಅಷ್ಟು ದೂರ ಬಂದಿರಿ. ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ತಾಯಿಯ ಸೀರೆಯ ಸೆರಗಿನಿಂದ ಹೊಲಿದ ಪುಟ್ಟ ಚೀಲವೊಂದನ್ನು ಕೊಟ್ಟಿರಿ. ಜೆರುಸಲೇಮಿನ ಗುಡ್ಡದ ಮೇಲೆ ನೀವೇ ಬಗ್ಗಿ ತೆಗೆದ ಮಣ್ಣು ಎಂದಿರಿ. ಇಲ್ಲಿ ನಮ್ಮ ಪಕ್ಕದ ಊರಾದ ಡಬ್ಲಿನ್‌ನಲ್ಲಿ ಮಗನ ಮನೆಯಲ್ಲಿರುವ ನಿಮ್ಮ ತಮ್ಮ ಎಲೈಜಾ ಕಾಕಾ ಅವರಿಗೆ ಅದನ್ನು ತಲುಪಿಸಬೇಕು, ಕಾಲ ಬಂದಾಗ ಪೆಟ್ಟಿಗೆಯಲ್ಲಿ ಅವರ ತಲೆಯಡಿ ಇಡಬೇಕು, ಆ ನಾಡಿನ ಹೊರಗೆ ಮಣ್ಣಾಗುವ ಯಹೂದಿಗೆ ಅಷ್ಟಾದರೂ ಆ ನೆಲ ಸಿಗಬೇಕು ಎಂದಿರಿ. ನಲವತ್ತು ವರ್ಷಗಳಿಂದ ನೀವಿಬ್ಬರೂ ಮಾತಾಡಿಲ್ಲ ಎಂಬುದನ್ನು ಹೇಳಲಿಲ್ಲ. ಅದು ನನಗೆ ಗೊತ್ತಿತ್ತು.

ವಿಮಾನದಲ್ಲಿ ಕಸ್ಟಮ್ಸ್ ಫಾರಂ ಕೊಟ್ಟರು. ಮಣ್ಣು ತಂದಿದ್ದೀರಾ ಎಂದು ಅದರಲ್ಲಿ ಕೇಳಿತ್ತು. ಮುಂದಿನ ತಿಂಗಳು ನನ್ನ ಸಿಟಿಜನ್‌ಶಿಪ್ ಸಂದರ್ಶನವಿದೆ. ಸುಳ್ಳು ಬರೆದು ಸಿಕ್ಕಿಬಿದ್ದರೆ ಎಂದು ಹೆದರಿದೆ. ನಿಜ ಬರೆದು ಅಧಿಕಾರಿಯನ್ನು ಕೇಳಬಹುದಿತ್ತು, ಅದಕ್ಕೂ ಹೆದರಿದೆ. ಸಾಮಾನು ಬರುವ ಜಾಗದ ಪಕ್ಕದಲ್ಲಿದ್ದ ಹೆಂಗಸರ ಶೌಚಾಲಯಕ್ಕೆ ಹೋಗಿ, ಹೊಲಿಗೆ ಬಿಚ್ಚಿ, ಮಣ್ಣನ್ನು ಕಸದ ಡಬ್ಬಿಗೆ ಸುರಿದೆ. ಖಾಲಿ ಚೀಲವನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡೆ.

ಇನ್ನೂ ಒಂದಿದೆ. ತಿನ್ನುವ ಪದಾರ್ಥ ತಂದಿದ್ದೀರಾ ಎಂಬ ಪ್ರಶ್ನೆಗೆ ಅದೇ ಫಾರಂನಲ್ಲಿ ಇಲ್ಲ ಎಂದು ಗುರುತು ಹಾಕಿದ್ದೆ. ನನ್ನ ಸೂಟ್‌ಕೇಸಿನಲ್ಲಿ ಎರಡು ಕಿಲೋ ಶೇಂಗಾ ಚಟ್ನಿಪುಡಿ ಇತ್ತು. ಅದಕ್ಕಾಗಿ ಸುಳ್ಳು ಹೇಳಲು ನನಗೆ ಭಯವಾಗಲಿಲ್ಲ.

೧೪ ಜನವರಿ

ಈ ಪತ್ರ ಐದು ದಿನಗಳಿಂದ ಡ್ರಾಯರಿನಲ್ಲಿದೆ. ನಮ್ಮ ಮನೆಯವರಿಗೆ ವಿಷಯ ಹೇಳಿದೆ. ಅವರು ಉಡುಪಿಯವರು, ಎಲ್ಲವನ್ನೂ ಹಗುರ ಮಾಡುವುದು ಅವರ ಸ್ವಭಾವ. "ಮಣ್ಣಿಗೆ ಯಾಕೆ ಅಷ್ಟು ತಲೆಬಿಸಿ ಮಾರಾಯ್ತಿ, ನಮ್ಮ ಬ್ಯಾಕ್‌ಯಾರ್ಡಿನಲ್ಲಿ ಬೇಕಾದಷ್ಟು ಉಂಟಲ್ಲ" ಎಂದು ನಕ್ಕರು. ಅವರು ತಮಾಷೆಗೆ ಹೇಳಿದರು. ನಾನು ಇವತ್ತು ಮಧ್ಯಾಹ್ನ ನಿಂಬೆಗಿಡದ ಬುಡದಿಂದ ಒಂದು ಹಿಡಿ ತೆಗೆದು, ಒಣಗಿಸಿ, ಚೀಲಕ್ಕೆ ತುಂಬಿ ಹೊಲಿದೆ.


ಸ್ಯಾನ್ ರಮೋನ್
೨೧ ಜನವರಿ ೨೦೧೮

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ಕ್ಷೇಮವಾಗಿ ತಲುಪಿದೆವು. ನೀವು ಕೊಟ್ಟ ಚೀಲವನ್ನು ಶುಕ್ರವಾರ ಎಲೈಜಾ ಕಾಕಾ ಅವರ ಕೈಗೆ ಕೊಟ್ಟೆ.

ಅವರು ಸಿಟ್ಟಾಗಬಹುದು, ವಾಪಸು ಕೊಡಬಹುದು ಎಂದು ನೀವು ಹೇಳಿದ್ದಿರಿ. ಹಾಗಾಗಲಿಲ್ಲ. ಸೀರೆಯ ಬಟ್ಟೆಯನ್ನು ಕೂಡಲೇ ಗುರುತಿಸಿದರು. ಹೊಲಿಗೆಯ ಒಂದು ತುದಿ ಬಿಚ್ಚಿ, ಬೆರಳು ಒದ್ದೆ ಮಾಡಿಕೊಂಡು ಮಣ್ಣು ಮುಟ್ಟಿ, ಬಹಳ ಹೊತ್ತು ಆ ಬೆರಳನ್ನೇ ನೋಡಿದರು. ಆಮೇಲೆ ಕೇಳಿದರು:

"ಅಕ್ಕ ಇದನ್ನ ತನ್ನ ಕೈಯಾರೆ ತಗದಾಳೇನವಾ?"

ನಾನು ಹೌದು ಎಂದೆ.

ಅವರು ನಿಮಗೆ ಬರೆಯುವುದಾಗಿ ಹೇಳಿ ವಿಳಾಸ ಬರೆಸಿಕೊಂಡರು. ನಮ್ಮ ಮನೆಯವರೂ ಮಗಳು ದೀಪಾಲಿಯೂ ನಿಮಗೆ ನಮಸ್ಕಾರ ತಿಳಿಸಿದ್ದಾರೆ. ಇಲ್ಲಿ ಈ ವರ್ಷ ಮಳೆ ಕಡಿಮೆ.

ನಿಮ್ಮ ವಿದ್ಯಾರ್ಥಿನಿ,
ಊರ್ಮಿಳಾ


ಬೇರ್‌ಷೆಬಾ
೧೮ ಫೆಬ್ರವರಿ ೨೦೧೮

ಚಿ. ಊರ್ಮಿಳಾಗೆ ಆಶೀರ್ವಾದಗಳು.

ಎಲೈಜಾ ಬರೆದ. ಆರು ಸಾಲು. ನಲವತ್ತು ವರ್ಷಕ್ಕೆ ಆರು ಸಾಲೆಂದರೆ ನಮ್ಮ ಮನೆತನದ ಲೆಕ್ಕದಲ್ಲಿ ಧಾರಾಳವೇ ಆಯಿತು.

ನಮ್ಮ ಜಗಳ ಏನೆಂದು ನೀನು ಕೂಟದಲ್ಲಿ ಕೇಳಲಿಲ್ಲ. ಸಣ್ಣವಳಿದ್ದಾಗಲೂ ನೀನು ಹಾಗೆಯೇ, ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಹೇಳುತ್ತೇನೆ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಅಪ್ಪ ದಿನವೂ ಪಶ್ಚಿಮದ ಗೋಡೆಗೆ ಮುಖ ಮಾಡಿ ನಿಂತು ಪ್ರಾರ್ಥಿಸುತ್ತಿದ್ದರು, ಜೆರುಸಲೇಮ್ ಆ ದಿಕ್ಕಿಗೆಂದು. ಡಿಸೆಂಬರ್ ಬಂತೆಂದರೆ ಮಳೆ ಕೊಡು ಎಂದು ಕೇಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಡಿಸೆಂಬರಿನಲ್ಲಿ ಮಳೆ ಬಂದರೆ ಜೋಳ ಹಾಳು. ಆದರೆ ಅವರು ಕೇಳುತ್ತಿದ್ದುದು ತಾವು ಕಾಣದ ಈ ನೆಲಕ್ಕೆ ಮಳೆ ಬೇಕಾದ ಕಾಲದಲ್ಲಿ. ಅವರ ಅಪ್ಪನೂ ಹಾಗೆಯೇ ಕೇಳಿದ್ದರು.

೧೯೭೮ರಲ್ಲಿ ನಾನು ಇಲ್ಲಿಗೆ ಹೊರಟಾಗ ಎಲೈಜಾ ಅಂದ, ಕಾಣದ ಊರಿಗೆ ಮಳೆ ಬೇಡುವುದೇ ನಮ್ಮ ಧರ್ಮ, ಟಿಕೆಟು ತೆಗೆಸಿ ಹೋಗುವುದಲ್ಲ. ಹೋಗಿ ನಿಂತವರಿಗೆ ಅದು ಬರಿಯ ಊರಾಗಿಬಿಡುತ್ತದೆ. ನಾನಂದೆ, ದಿನಕ್ಕೆ ಮೂರು ಸಲ ಬಾಗಿಲು ತೆಗೆ ಎಂದು ಬೇಡಿ, ತೆಗೆದಾಗ ಹೊರಗೇ ನಿಂತರೆ ಬೇಡಿದ್ದೆಲ್ಲ ಸುಳ್ಳು. ಅವನನ್ನು ಸುಳ್ಳುಗಾರ ಎಂದಂತಾಯಿತು. ಅಪ್ಪನನ್ನೂ. ಅವನು ಸ್ಟೇಷನ್ನಿಗೆ ಬರಲಿಲ್ಲ.

ಈಗ ನನ್ನ ಪ್ರಶ್ನೆಗಳಿಗೆ ಉತ್ತರ ಬರೆ. ದಾರಿಯಲ್ಲಿ ಮಣ್ಣಿಗೆ ಏನಾದರೂ ತೊಂದರೆಯಾಯಿತೇ? ಏರ್‌ಪೋರ್ಟಿನಲ್ಲಿ ಯಾರಾದರೂ ತಡೆದರೇ? ನಿನ್ನನ್ನು ತೊಂದರೆಗೆ ಸಿಕ್ಕಿಸಿದೆನೋ ಎಂದು ಆಮೇಲೆ ಯೋಚನೆಯಾಯಿತು. ನನಗೆ ಕಿವಿ ಕೇಳುವುದಿಲ್ಲ, ಫೋನು ಬೇಡ. ಬರೆ.

ನಿನ್ನ ಟೀಚರ್,
ಹನ್ನಾ ಪೇಣಕರ್


ಸ್ಯಾನ್ ರಮೋನ್
೩ ಜೂನ್ ೨೦೧೮

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಭಾನುವಾರದ ಕನ್ನಡ ತರಗತಿಯ ಮಕ್ಕಳ ಪರೀಕ್ಷೆ, ಆಮೇಲೆ ನನ್ನ ಸಿಟಿಜನ್‌ಶಿಪ್ಪಿನ ಪ್ರಮಾಣವಚನ. ಪ್ರಯಾಣದಲ್ಲಿ ಯಾರೂ ನಮ್ಮನ್ನು ತಡೆಯಲಿಲ್ಲ.

ಶುಕ್ರವಾರಗಳಂದು ಸಂಜೆ ಕಾಕಾ ಅವರನ್ನು ಪ್ರಾರ್ಥನಾ ಮಂದಿರಕ್ಕೆ ಕರೆದೊಯ್ಯುವುದು ಈಗ ದೀಪಾಲಿಯ ಕೆಲಸ. ಪಾಲೋ ಆಲ್ಟೋದ ಆಫೀಸಿನಿಂದ ನೇರ ಅವರ ಮನೆಗೆ ಹೋಗುತ್ತಾಳೆ. ಅವರು ಕನ್ನಡದಲ್ಲಿ ಮಾತಾಡುತ್ತಾರೆ, ಇವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಇಬ್ಬರಿಗೂ ಸಮಸ್ಯೆಯಿಲ್ಲ.

ಕಾಕಾ ಬದಲಾಗಿದ್ದಾರೆ. ಮಂಚವನ್ನು ತಿರುಗಿಸಿ ಹಾಕಿಸಿಕೊಂಡಿದ್ದಾರೆ, ತಲೆ ಪೂರ್ವಕ್ಕೆ ಬರುವಂತೆ. ಇಲ್ಲಿಂದ ಜೆರುಸಲೇಮ್ ಪೂರ್ವಕ್ಕಂತೆ. ಚೀಲ ದಿಂಬಿನ ಪಕ್ಕದಲ್ಲೇ ಇರುತ್ತದೆ. ಹೊರಡುವ ಮೊದಲು ಅದನ್ನು ಮುಟ್ಟಿ ಕೈಯನ್ನು ತುಟಿಗೆ ತಾಗಿಸಿಕೊಳ್ಳುತ್ತಾರೆ. ಹೊರನಾಡಿನಲ್ಲಿ ಹೂತವರು ಕೊನೆಯ ದಿನ ನೆಲದೊಳಗಿನ ಸುರಂಗಗಳಲ್ಲಿ ಉರುಳುತ್ತ ಆ ನಾಡಿಗೆ ತಲುಪಬೇಕೆಂಬ ಮಾತು ನಿಮ್ಮ ಹಿರಿಯರಲ್ಲಿದೆಯಂತೆ. ಅದನ್ನು ಹೇಳಿ ದೀಪಾಲಿಗೆ ಅಂದರು: "ನಾ ರೈಲ್ವೇದಾವ. ಸುರಂಗ ನನಗೇನ ಹೊಸಾದಲ್ಲ ತಗೋ. ಈಗಂತೂ ಅಕ್ಕ ಟಿಕೀಟನೂ ಕಳಿಸ್ಯಾಳ." ದೀಪಾಲಿ ಮನೆಗೆ ಬಂದು ಅದನ್ನು ಹೇಳಿ ಹೇಳಿ ನಕ್ಕಳು.

ಪ್ರಮಾಣವಚನ ಮಾಡುವಾಗ ಹುಬ್ಬಳ್ಳಿ ನೆನಪಾಯಿತೇ ಎಂದು ಕಾಕಾ ಕೇಳಿದರು. ಬಲಗೈ ಎತ್ತಿ ನಿಂತಾಗ ನನಗೆ ನೆನಪಾದದ್ದು ಏರ್‌ಪೋರ್ಟು. ಅವರಿಗೆ ಹುಬ್ಬಳ್ಳಿ ಎಂದೇ ಹೇಳಿದೆ.

ನಿಮ್ಮ ವಿದ್ಯಾರ್ಥಿನಿ,
ಊರ್ಮಿಳಾ


ಬೇರ್‌ಷೆಬಾ
೧೧ ನವೆಂಬರ್ ೨೦೧೮

ಊರ್ಮಿಳಾ,

ಎಲೈಜಾ ಈಗ ತಿಂಗಳಿಗೊಂದು ಪತ್ರ ಬರೆಯುತ್ತಾನೆ. ಅಮ್ಮನ ಅಡಿಗೆ, ವರ್ಕ್‌ಶಾಪಿನ ಸೈರನ್ನು, ನಮ್ಮ ಮನೆಯ ಹಿಂದಿನ ಬೇವಿನಮರ. ನಾನು ಮರೆತದ್ದೆಲ್ಲ ಅವನ ಹತ್ತಿರ ಭದ್ರವಾಗಿದೆ. ಓದಿ ಎತ್ತಿಡುತ್ತೇನೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಯಾರೂ ನಮ್ಮನ್ನು ತಡೆಯಲಿಲ್ಲ ಎಂದಿದ್ದೀ. ಸರಿ. ನಾನು ಕೇಳಿದ್ದು ಎರಡು ಪ್ರಶ್ನೆ.

ನನಗೆ ಎಂಬತ್ತು ತುಂಬಿತು. ನನಗೆ ಯಾರೂ ಹೆದರುವ ವಯಸ್ಸಲ್ಲ ಇದು. ನನಗೆ ಬರೆಯಬೇಕಾದದ್ದು ಏನಾದರೂ ಇದ್ದರೆ ಬರೆ.

ಹನ್ನಾ


ಸ್ಯಾನ್ ರಮೋನ್
೪ ಮಾರ್ಚ್ ೨೦೧೯

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ಕಾಕಾ ಅವರ ಮೂತ್ರಪಿಂಡಗಳು ಸೋತಿವೆ. ಡಯಾಲಿಸಿಸ್ ಬೇಡವೆಂದರು. ಮಗ ಬೆಂಜಮಿನ್ ಒತ್ತಾಯ ಮಾಡಲಿಲ್ಲ. ಬೇಸಿಗೆ ಕಳೆಯಬಹುದು ಎಂದು ಡಾಕ್ಟರ್ ಹೇಳಿದ್ದಾರೆ.

ಒಂದು ಮಾತು ಕೇಳಬೇಕಾಗಿದೆ. ಚೀಲದ ಬಟ್ಟೆ ಹಳೆಯದಾದ್ದರಿಂದ ಒಂದು ಕಡೆ ಪಿಸಿದು ಸ್ವಲ್ಪ ಮಣ್ಣು ಚೆಲ್ಲಿದೆ. ಅಲ್ಲಿಂದ ಈ ಕಡೆ ಬರುವವರು ಯಾರಾದರೂ ಇದ್ದರೆ ಇನ್ನೊಂದು ಹಿಡಿ ಕಳಿಸಲು ಸಾಧ್ಯವೇ? ಇಲ್ಲಿನ ಕಾನೂನಿಗೆ ಅನುಮತಿ ಪತ್ರ ಬೇಕು. ಅದನ್ನು ಮಾಡಿಸುವ ವಿಧಾನವನ್ನು ವಿಚಾರಿಸಿ ಇಟ್ಟುಕೊಂಡಿದ್ದೇನೆ. ಆದಷ್ಟು ಬೇಗ ತಿಳಿಸಿದರೆ ಉಪಕಾರ.

ನಿಮ್ಮ ಇನ್ನೊಂದು ಪ್ರಶ್ನೆಗೆ ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ಊರ್ಮಿಳಾ


ಸ್ಯಾನ್ ರಮೋನ್
೨ ಆಗಸ್ಟ್ ೨೦೧೯

ಪೂಜ್ಯ ಟೀಚರ್ ಅವರಿಗೆ,

ಬೆಂಜಮಿನ್ ನಿಮಗೆ ತಂತಿಯಂತೆ ಎರಡು ಸಾಲಿನ ಇಮೇಲು ಕಳಿಸಿದ್ದಾಗಿ ಹೇಳಿದ. ಪಕ್ಕದ ಮನೆಯವರು ಅದನ್ನು ನಿಮಗೆ ಓದಿ ತೋರಿಸಿರಬಹುದು. ಎಲೈಜಾ ಕಾಕಾ ಸೋಮವಾರ ಬೆಳಿಗ್ಗೆ ತೀರಿಕೊಂಡರು. ಬುಧವಾರ ಮಣ್ಣು ಮಾಡಿದರು.

ಮಾರ್ಚಿನ ಪತ್ರಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ಬಂದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಅದೂ ಹೇಳಬೇಕಾದ ಮಾತೇ.

ದೇಹವನ್ನು ತೊಳೆದು ಬಿಳಿ ಬಟ್ಟೆ ಉಡಿಸುವುದಕ್ಕೆ ಅವರ ಸಮಾಜದ ನಾಲ್ವರು ಬಂದಿದ್ದರು. ಬೆಂಜಮಿನ್ ಚೀಲವನ್ನು ನನ್ನ ಕೈಗೆ ಕೊಟ್ಟು, "ಅತ್ತೆ ಕಳಿಸಿದ್ದು, ತಂದವರು ನೀವು. ನೀವೇ ಅವರಿಗೆ ಕೊಡಿ ಆಂಟಿ" ಎಂದ. ಬಾಗಿಲ ಹತ್ತಿರ ಒಬ್ಬ ಮುದುಕರು ಎರಡೂ ಕೈ ಚಾಚಿ ನಿಂತಿದ್ದರು. ಆಗ ಹೇಳಬಹುದಿತ್ತು. ಅವರ ಎರಡೂ ಕೈಗಳ ಮೇಲೆ ಚೀಲ ಇಟ್ಟೆ. ಅವರು ನನಗೆ ತಲೆಬಾಗಿದರು.

ತಲೆಯಡಿ ಇಡುತ್ತಾರೆ ಎಂದಷ್ಟೇ ನಾನು ತಿಳಿದಿದ್ದೆ. ಒಂದು ಚಿಟಿಕೆಯನ್ನು ಕಣ್ಣುಗಳ ಮೇಲೂ ಇಡುತ್ತಾರೆ ಎಂದು ಬೆಂಜಮಿನ್ ಆಮೇಲೆ ಹೇಳಿದ.

ಟೀಚರ್, ಅದು ನಿಮ್ಮ ಮಣ್ಣಲ್ಲ. ನಮ್ಮ ಹಿತ್ತಲಿನ ನಿಂಬೆಗಿಡದ ಬುಡದ್ದು. ನಿಮ್ಮದನ್ನು ನಾನು ಏರ್‌ಪೋರ್ಟಿನಲ್ಲೇ ಬಿಸಾಡಿದೆ. ಹೇಗೆ ಎಂಬುದನ್ನು ೨೦೧೮ರ ಜನವರಿಯಲ್ಲಿ ಬರೆದು ಕಳಿಸದ ಪತ್ರದಲ್ಲಿ ವಿವರವಾಗಿ ಬರೆದಿದ್ದೆ. ಅದನ್ನು ತಿದ್ದದೆ ಇದರ ಜೊತೆ ಇಟ್ಟಿದ್ದೇನೆ. ಚೀಲ ಪಿಸಿದಿರಲಿಲ್ಲ. ಅದೂ ಸುಳ್ಳು.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ.

ಊರ್ಮಿಳಾ


ಬೇರ್‌ಷೆಬಾ
೨೦ ಆಗಸ್ಟ್ ೨೦೧೯

ಊರ್ಮಿಳಾ,

ನನಗೆ ಗೊತ್ತಿತ್ತು.

ಎಲೈಜಾನ ಮೊದಲ ಪತ್ರದ ಆರು ಸಾಲನ್ನು ನಿನಗೆ ಬರೆದಿರಲಿಲ್ಲ. ಈಗ ಬರೆಯುತ್ತೇನೆ. "ಅಕ್ಕಾ, ನಿನ್ನ ಮಣ್ಣು ಬಂತು. ಕಪ್ಪಗಿದೆ. ಒದ್ದೆ ಬೆರಳಿಗೆ ಅಂಟಿಕೊಳ್ಳುತ್ತದೆ. ನಮ್ಮ ಹುಬ್ಬಳ್ಳಿಯ ಎರೆಮಣ್ಣೇ ಇದು. ನಿನ್ನ ನೆಲ ನನ್ನದಲ್ಲವೆಂದು ನಲವತ್ತು ವರ್ಷ ಹಟ ಹಿಡಿದೆ. ಎರಡೂ ಒಂದೇ ಮಣ್ಣೆಂದು ನನಗೆ ಯಾರೂ ಹೇಳಲಿಲ್ಲ."

ನಾನು ನಿಮಗೆಲ್ಲ ಭೂಗೋಳ ಕಲಿಸಿದವಳು. ಆ ಗುಡ್ಡದ ಮಣ್ಣು ಸುಣ್ಣದಕಲ್ಲಿನ ಪುಡಿ, ಬೂದಿಗಿಂತ ಬಿಳಿ, ಒದ್ದೆ ಬೆರಳಿಗೆ ಮರಳಿನಂತೆ ತಾಗುತ್ತದೆ. ಅವನ ಪತ್ರ ಓದುತ್ತಿದ್ದಂತೆಯೇ ನನ್ನ ಮಣ್ಣು ಅವನಿಗೆ ತಲುಪಿಲ್ಲವೆಂದು ತಿಳಿಯಿತು. ನಿನಗೆ ಪ್ರಶ್ನೆ ಕೇಳಿದೆ. ಮತ್ತೆ ಕೇಳಿದೆ. ನೀನಾಗಿ ಹೇಳಲಿ ಎಂದು ಕಾದೆ. ಟೀಚರಾಗಿ ಕಾದೆ, ಉತ್ತರ ಪತ್ರಿಕೆ ತಿದ್ದುವವಳಂತೆ. ಅದು ನನ್ನ ಮೊದಲ ತಪ್ಪು.

ಎರಡನೆಯದು ದೊಡ್ಡದು. ಅವನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವನ ಪತ್ರ ನಿಲ್ಲುತ್ತಿತ್ತು. ನೀನು ಮಾರ್ಚಿನಲ್ಲಿ ಇನ್ನೊಂದು ಹಿಡಿ ಕೇಳಿದಾಗ ನಾನು ಕಳಿಸಬಹುದಿತ್ತು. ಕಳಿಸಿದರೆ ಬಿಳಿ ಮಣ್ಣು ನೋಡಿ ಅವನಿಗೆ ತಿಳಿಯುತ್ತಿತ್ತು. ಅದಕ್ಕೇ ಉತ್ತರ ಬರೆಯಲಿಲ್ಲ. ನಿಜವಾದ ನೆಲಕ್ಕಿಂತ ತಮ್ಮನ ಪತ್ರ ನನಗೆ ಹೆಚ್ಚಾಯಿತು. ಯಾವ ನೆಲಕ್ಕಾಗಿ ಅವನನ್ನು ಸುಳ್ಳುಗಾರ ಎಂದಿದ್ದೆನೋ, ಅದೇ ನೆಲದ ಹೆಸರಿನಲ್ಲಿ ಅವನಿಗೆ ಒಂದೂವರೆ ವರ್ಷ ಸುಳ್ಳು ಹೇಳಿದೆ. ನಿನಗೆ ಅಧಿಕಾರಿಯ ಭಯವಿತ್ತು. ನನಗೆ ಯಾರ ಭಯವೂ ಇರಲಿಲ್ಲ.

ನೀನು ನನ್ನ ಕ್ಷಮೆ ಕೇಳಿಲ್ಲ, ಸರಿಯಾದದ್ದನ್ನೇ ಮಾಡಿದೆ. ಕೊಡಬೇಕಾದವನು ಅವನು. ನಮ್ಮಲ್ಲಿ ಒಂದು ಪದ್ಧತಿಯಿದೆ. ನೊಂದವನು ಕ್ಷಮಿಸುವ ಮೊದಲೇ ತೀರಿಕೊಂಡರೆ, ತಪ್ಪು ಮಾಡಿದವರು ಹತ್ತು ಜನರನ್ನು ಕರೆದುಕೊಂಡು ಸಮಾಧಿಗೆ ಹೋಗಿ, ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಸಮಾಧಿ ದೂರವಿದ್ದರೆ ಪ್ರತಿನಿಧಿಯನ್ನು ಕಳಿಸಬಹುದು. ನಾನಿನ್ನು ವಿಮಾನ ಹತ್ತುವುದಿಲ್ಲ. ನಮ್ಮ ಹೊಸ ವರ್ಷಕ್ಕೆ ಮುಂಚೆ, ಸೆಪ್ಟೆಂಬರಿನಲ್ಲಿ, ನೀನು ಹೋಗಿ ನನ್ನದನ್ನು ಹೇಳು. ನೀನು ಯಹೂದಿಯಲ್ಲ, ನಿನ್ನದನ್ನು ಹೇಳಬೇಕೆಂಬ ಕಟ್ಟಳೆ ನಿನಗಿಲ್ಲ. ಅದು ನಿನಗೆ ಬಿಟ್ಟದ್ದು.

ಹನ್ನಾ


ಸ್ಯಾನ್ ರಮೋನ್
೨೨ ಸೆಪ್ಟೆಂಬರ್ ೨೦೧೯

ಪೂಜ್ಯ ಹನ್ನಾ ಟೀಚರ್ ಅವರಿಗೆ,

ಇವತ್ತು ಬೆಳಿಗ್ಗೆ ಹೋಗಿ ಬಂದೆವು.

ಮಂದಿರದ ರಬ್ಬಿಗೆ ಎರಡು ವಾರ ಮುಂಚೆ ವಿಷಯ ತಿಳಿಸಿದ್ದೆ. ಅವರು ನಡುವೆ ಒಂದು ಮಾತೂ ಆಡದೆ ಪೂರ್ತಿ ಕೇಳಿ, ಹತ್ತು ಜನರನ್ನು ತಾವು ಒಟ್ಟುಮಾಡುವುದಾಗಿ ಹೇಳಿದರು. ಬೆಂಜಮಿನ್‌ಗೆ ಮುಂಚಿತವಾಗಿ ನಾನೇ ಹೇಳಬೇಕು ಎಂದೂ ಹೇಳಿದರು. ಹೇಳಿದೆ. ಅವನು ಎದ್ದು ಅಡಿಗೆಮನೆಗೆ ಹೋಗಿ, ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದ. ಆದರೂ ಇವತ್ತು ಬಂದ. ಹತ್ತರಲ್ಲಿ ಅವನೂ ಒಬ್ಬ. ಕೈ ಚಾಚಿ ಚೀಲ ತೆಗೆದುಕೊಂಡಿದ್ದ ಮುದುಕರೂ ಒಬ್ಬರು.

ನಮ್ಮ ಮನೆಯವರು ಬಂದಿದ್ದರು. ತಮಾಷೆಗೆ ಅಂದ ಮಾತು ಎಂದು ರಬ್ಬಿಗೆ ಹೇಳಹೊರಟವರು ಅರ್ಧಕ್ಕೇ ನಿಲ್ಲಿಸಿದರು. ದೀಪಾಲಿಗೆ ನಾನು ಏನನ್ನೂ ಹೇಳಿರಲಿಲ್ಲ. ಕಾಕಾ ಅವರ ಪ್ರಾರ್ಥನೆಯೆಂದು ತಿಳಿದು ಬಂದಿದ್ದಳು. ದಾರಿಯಲ್ಲಿ ಹೇಳಬೇಕೆಂದುಕೊಂಡಿದ್ದೆ, ಫ್ರೀವೇ ಮುಗಿಯಿತು.

ಮೊದಲು ನಿಮ್ಮದನ್ನು ಹೇಳಿದೆ, ನೀವು ಬರೆದ ಮಾತುಗಳಲ್ಲೇ, ಇಂಗ್ಲಿಷಿನಲ್ಲಿ. ಆಮೇಲೆ ನನ್ನದು. ಕಾಕಾ ಅವರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದೆನಾದ್ದರಿಂದ ಕನ್ನಡದಲ್ಲೇ ಹೇಳುತ್ತೇನೆಂದು ಕೇಳಿಕೊಂಡೆ. ರಬ್ಬಿ ಒಪ್ಪಿದರು. ಸರಾಗವಾಗಿ ಹೇಳಿದೆ, ಎಲ್ಲಿಯೂ ತಡವರಿಸಲಿಲ್ಲ. ಮುಗಿದ ಮೇಲೆ ಆ ಜನರ ಮುಖ ನೋಡಿದೆ. ಮರ್ಯಾದೆಯಿಂದ ಕಾಯುತ್ತಿದ್ದರು. ಬೆಂಜಮಿನ್ ಬಿಟ್ಟರೆ ಯಾರಿಗೂ ಏನೂ ತಿಳಿದಿರಲಿಲ್ಲ. ನನಗೆ ನಾಚಿಕೆಯೂ ಆಗಿರಲಿಲ್ಲ. ಅದಕ್ಕೇ ಆ ಭಾಷೆಯನ್ನು ಆರಿಸಿಕೊಂಡಿದ್ದೆ ಎಂದು ಆಗ ಗೊತ್ತಾಯಿತು.

ದೀಪಾಲಿಗೆ ತಿಳಿದಿತ್ತು. ನಾವು ಮಾತಾಡಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ನನ್ನ ಕಡೆ ನೋಡದೆ ಮೆಲ್ಲಗೆ ಅಂದಳು:

"ಅವರಿಗೂ ಹೇಳು, ಅಮ್ಮ."

ಕನ್ನಡದಲ್ಲಿ ಅಂದಳು. ಅವಳು ನನಗೆ ಕನ್ನಡದಲ್ಲಿ ಉತ್ತರಿಸಿ ಎಷ್ಟೋ ವರ್ಷಗಳಾಗಿದ್ದವು.

ಮತ್ತೆ ಮೊದಲಿನಿಂದ ಇಂಗ್ಲಿಷಿನಲ್ಲಿ ಹೇಳಿದೆ. ಶೌಚಾಲಯದ ಮಾತಿಗೆ ಬಂದಾಗ ತಡವರಿಸಿದೆ. ಆ ಮುದುಕರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಚಟ್ನಿಪುಡಿ ಉಳಿಸಿಕೊಂಡು ಮಣ್ಣನ್ನು ಬಿಸಾಡಿದೆ ಎಂಬುದನ್ನೂ ಹೇಳಿದೆ. ಒಬ್ಬರು ತಲೆ ತಗ್ಗಿಸಿದರು.

ಕೇಳಿಸಿಕೊಂಡ ಹತ್ತು ಜನ ಮೂರು ಸಲ ಕ್ಷಮಿಸಲಾಗಿದೆ ಎಂದು ಹೇಳುವುದು ಕ್ರಮವಂತೆ. ಇದು ಸತ್ತವರ ಪರವಾಗಿ, ಬೆಂಜಮಿನ್ ಬೇಡವೆಂದರೆ ಹೇಳುವುದಿಲ್ಲ ಎಂದು ರಬ್ಬಿ ಅವನ ಕಡೆ ನೋಡಿದರು. ಅವನು ಹೇಳಿ ಎಂದ. ಮೊದಲು ನನ್ನ ಹೆಸರಿಗೆ ಹೇಳಿದರು, ಮೂರು ಸಲ, ಹೀಬ್ರೂನಲ್ಲಿ, ಒಟ್ಟಿಗೆ. ದೀಪಾಲಿ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು. ಅವಳು ಹತ್ತರ ಲೆಕ್ಕದಲ್ಲಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಆಮೇಲೆ ನಿಮ್ಮ ಹೆಸರಿಗೆ ಹೇಳಿದರು. ನಿಮ್ಮ ಬದಲು ನಾನು ನಿಂತು ಕೇಳಿಸಿಕೊಂಡೆ. ಎರಡನೆಯ ಸಲದ ಹೊತ್ತಿಗೆ ದೀಪಾಲಿಗೆ ಆ ಮಾತು ಬಾಯಿಗೆ ಬಂದಿತ್ತು. ಮೂರನೆಯ ಸಲ ಅವಳೂ ಅವರೊಂದಿಗೆ ಹೇಳಿದಳು.

ನಿಮ್ಮ ವಿದ್ಯಾರ್ಥಿನಿ,
ಊರ್ಮಿಳಾ